ಡಂಕ್ಲಿಯೋಸ್ಟಿಯಸ್ ಮೀನು ಹತ್ತು ಮೀಟರ್ ಇತ್ತಾ, ಮೂರೂವರೆ ಮೀಟರ್ ಇತ್ತಾ?

ಪುಟಾಣಿಯ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಏಳು ವರ್ಷ. ಡೈನೋಸಾರ್ ಹುಚ್ಚು ಮುಗಿದು ಈಗ ಡಂಕ್ಲಿಯೋಸ್ಟಿಯಸ್ ಹುಚ್ಚು ಹಿಡಿದಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಸುಮಾರು 36 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಮೀನು. ತಲೆ ಮತ್ತು ಎದೆಯ ಮೇಲೆ ದಪ್ಪ ಮೂಳೆಯ ಕವಚ, ಬಾಯಲ್ಲಿ ಹಲ್ಲಿನ ಬದಲು ಕತ್ತರಿಯಂಥ ಅಲಗು.

ಅವಳ ಚಿತ್ರಪುಸ್ತಕದಲ್ಲಿ ಈ ಮೀನು ಹತ್ತು ಮೀಟರ್ ಉದ್ದ ಅಂತ ಇದೆ. ಮೊನ್ನೆ ನೋಡಿದ ವಿಡಿಯೋದಲ್ಲಿ ಬರೀ 3.4 ಮೀಟರ್ ಅಂದರು. ಅವಳು ಅತ್ತೇಬಿಟ್ಟಳು. "ನನ್ನ ಮೀನನ್ನು ಯಾಕಮ್ಮ ಚಿಕ್ಕದು ಮಾಡಿದರು?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಹತ್ತು ಎಲ್ಲಿ, ಮೂರೂವರೆ ಎಲ್ಲಿ! ಒಂದೇ ಮೀನಿನ ಅಳತೆ ಇಷ್ಟೊಂದು ಬದಲಾಗಲು ಕಾರಣ ಏನು? ಅವಳಿಗೆ ಸುಮ್ನೆ ಸಮಾಧಾನ ಹೇಳುವುದು ನನಗೆ ಇಷ್ಟವಿಲ್ಲ. ನಿಜವನ್ನೇ ಹೇಳಬೇಕು.

ಪದರಗಲ್ಲು:
ಮೇಡಂ, ಮೊದಲು ಮಗಳಿಗೆ ಒಂದು ಮಾತು ಹೇಳಿ. ಆ ಮೀನಿನ ತಲೆ ಒಂದು ಕೂದಲೆಳೆಯಷ್ಟೂ ಚಿಕ್ಕದಾಗಿಲ್ಲ. ಚಿಕ್ಕದಾಗಿದ್ದು ನಾವು ಹಿಂದೆ ಜೋಡಿಸಿದ್ದ ಮೈ ಮಾತ್ರ.

ಇಡೀ ಗೊಂದಲದ ಬೇರು ಇಲ್ಲೇ ಇದೆ. ನಮಗೆ ಸಿಕ್ಕಿರುವುದು ತಲೆಯ ಕವಚ, ಅದರ ಹಿಂದಿನ ಎದೆಯ ಕವಚ ಮತ್ತು ದವಡೆ. ಅದರಿಂದ ಆಚೆ ಬಾಲದವರೆಗಿನ ಅಸ್ಥಿಪಂಜರ ಬಹುಮಟ್ಟಿಗೆ ಮೃದ್ವಸ್ಥಿ. ಅಂದರೆ ನಮ್ಮ ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇರುತ್ತದಲ್ಲ, ಆ ಥರದ ಮೆತ್ತನೆಯ ಮೂಳೆ. ಅದು ಕೊಳೆತು ಹೋಗುತ್ತದೆ, ಕಲ್ಲಾಗುವುದು ತೀರಾ ಅಪರೂಪ. ಹಾಗಾಗಿ ಇಲ್ಲಿಯವರೆಗೆ ತಲೆಯಿಂದ ಬಾಲದವರೆಗೆ ಪೂರ್ತಿ ಇರುವ ಒಂದೇ ಒಂದು ಡಂಕ್ಲಿಯೋಸ್ಟಿಯಸ್ ಸಿಕ್ಕಿಲ್ಲ. ಹತ್ತು ಮೀಟರ್ ಅನ್ನುವುದು ಯಾರೋ ಟೇಪ್ ಹಿಡಿದು ಅಳೆದ ಲೆಕ್ಕ ಅಲ್ಲ. ತಲೆ ನೋಡಿ ಮೈ ಎಷ್ಟಿರಬಹುದು ಅಂತ ಊಹಿಸಿದ್ದು.

ಊಹೆಯ ದಾರಿ ಹೀಗಿತ್ತು. ಇದರ ಬಾಯಿ ತುಂಬಾ ಅಗಲ. ಇಷ್ಟು ಅಗಲದ ಬಾಯಿ ಇರುವ ಶಾರ್ಕ್ ಎಷ್ಟು ಉದ್ದ ಇರುತ್ತದೆ? ಇದೂ ಅಷ್ಟೇ ಇರಬೇಕು. 2017ರ ಒಂದು ಅಧ್ಯಯನ ಇಂಥ ಲೆಕ್ಕದಿಂದಲೇ ಸುಮಾರು 8.8 ಮೀಟರ್ ಅಂದಿತ್ತು. ತೊಡಕು ಏನೆಂದರೆ, ಈ ಕವಚದ ಮೀನುಗಳ ಬಾಯಿ ಅವುಗಳ ಮೈಗೆ ಹೋಲಿಸಿದರೆ ಶಾರ್ಕ್‌ಗಳ ಬಾಯಿಗಿಂತ ಬಹಳ ದೊಡ್ಡದು. ಬಾಯಿಯ ಅಳತೆಯಿಂದ ಮೈ ಲೆಕ್ಕ ಹಾಕಿದರೆ ಮೈ ಸುಮ್ಮನೆ ಉದ್ದವಾಗುತ್ತಾ ಹೋಗುತ್ತದೆ.

2023ರಲ್ಲಿ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ರಸೆಲ್ ಎಂಗಲ್‌ಮನ್ ಬೇರೆ ಅಳತೆ ಹಿಡಿದರು. ಬಾಯಿ ಬಿಟ್ಟು, ಕಣ್ಣಿನ ಗುಳಿಯ ಮುಂದಿನ ಅಂಚಿನಿಂದ ಕಿವಿರು ಮುಚ್ಚಳದ ಹಿಂದಿನ ಅಂಚಿನವರೆಗಿನ ದೂರ. ಮೂತಿ ಉದ್ದ ಇರಲಿ, ಮೊಂಡ ಇರಲಿ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. 900ಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ಹೀಗೆ ಅಳೆದು ನೋಡಿದರು. ಉದ್ದ ಮೀನಿಗೆ ಉದ್ದ ತಲೆ, ಗಿಡ್ಡ ಮೀನಿಗೆ ಗಿಡ್ಡ ತಲೆ. ಮೀನಿನ ಲೋಕದಲ್ಲಿ ಈ ಹೊಂದಾಣಿಕೆ ಗಟ್ಟಿಯಾಗಿದೆ. ಡಂಕ್ಲಿಯೋಸ್ಟಿಯಸ್ ತಲೆ ಎತ್ತರ ಇದೆ, ಅಗಲ ಇದೆ, ಆದರೆ ಉದ್ದ ಕಡಿಮೆ. ಬಂದ ಉತ್ತರ: ಬೆಳೆದ ಮೀನು ಸಾಮಾನ್ಯವಾಗಿ 3.4 ಮೀಟರ್, ಅತಿ ದೊಡ್ಡದು 4.1 ಮೀಟರ್.

ಕುಂಚ:
ಈ ಸುದ್ದಿ ಬಂದ ದಿನ ನನಗೂ ನಿಮ್ಮ ಮಗಳ ಹಾಗೇ ಆಗಿತ್ತು ಮೇಡಂ. ನಾನು ಹಳೆಯ ಕಾಲದ ಪ್ರಾಣಿಗಳ ಚಿತ್ರ ಬರೆಯುತ್ತೇನೆ. ಡಂಕ್ಲಿಯೋಸ್ಟಿಯಸ್ ಅನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಎಲ್ಲದರಲ್ಲೂ ಅದೇ ಮೈ: ಮುಂದೆ ಕವಚದ ತಲೆ, ಹಿಂದೆ ತೆಳ್ಳಗೆ ಉದ್ದಕ್ಕೆ ಹೋಗುವ ಶಾರ್ಕ್ ಮೈ.

ಬೇಜಾರಾಗಿ ಕೆಲವು ವಾರ ಮುಟ್ಟಲಿಲ್ಲ. ಆಮೇಲೆ ಹೊಸ ಅಳತೆ ಇಟ್ಟುಕೊಂಡು ಗೆರೆ ಹಾಕಿದೆ. ತಲೆಯನ್ನು ಹಾಗೇ ಬಿಟ್ಟು ಮೈಯನ್ನು ಮಾತ್ರ ಮೊಟಕು ಮಾಡಿದೆ. ಹಾಳೆಯ ಮೇಲೆ ಬೇರೆಯೇ ಪ್ರಾಣಿ ಎದ್ದು ನಿಂತಿತು. ಪೀಪಾಯಿಯಂಥ ದಪ್ಪ ಮೈ. ಅರ್ಧ ಮೈಯೆಲ್ಲ ತಲೆ ಮತ್ತು ಬಾಯಿಯೇ ಅನ್ನಿಸುವ ಹಾಗೆ. ಟ್ಯೂನಾ ಮೀನಿನ ಗಟ್ಟಿತನ ಇದೆಯಲ್ಲ, ಆ ಥರ. ಹಳೆಯ ಚಿತ್ರದಲ್ಲಿ ತಲೆ ಒಂದು ಕಡೆ, ಮೈ ಒಂದು ಕಡೆ ಅನ್ನಿಸುತ್ತಿತ್ತು. ಇದರಲ್ಲಿ ತಲೆಗೂ ಮೈಗೂ ಹೊಂದಿಕೆ ಬಂತು. ಈಗ ಹಳೆಯದಕ್ಕಿಂತ ಇದನ್ನೇ ಜಾಸ್ತಿ ಇಷ್ಟಪಡುತ್ತೇನೆ. ಮನಸ್ಸಿನಿಂದ ಹೇಳುತ್ತಿದ್ದೇನೆ.

ಪ್ರಶ್ನೆಮೂಟೆ:
ನನಗೆ ಪೂರ್ತಿ ಒಪ್ಪಿಗೆ ಇಲ್ಲ. ತಲೆ ನೋಡಿ ಮೈ ಹೇಳುವುದು ಮೊದಲೂ ಊಹೆ, ಈಗಲೂ ಊಹೆ. ಹಾವುಮೀನು ತೆಗೆದುಕೊಳ್ಳಿ. ತಲೆ ಪುಟ್ಟದು, ಮೈ ಎಷ್ಟುದ್ದ! ಡಂಕ್ಲಿಯೋಸ್ಟಿಯಸ್ ಕೂಡ ಹಾಗೇ ಇದ್ದಿದ್ದರೆ? ಇನ್ನು ಹತ್ತು ವರ್ಷಕ್ಕೆ ಇನ್ನೊಬ್ಬರು ಬಂದು ಆರು ಮೀಟರ್ ಅಂದರೆ ಮಗು ಮತ್ತೆ ಅಳಬೇಕಾ?

ಪದರಗಲ್ಲು:
ಒಳ್ಳೆ ಪ್ರಶ್ನೆ. ಹಾವುಮೀನಿನ ಮಾತು ನಿಜ, ಅಲ್ಲಿ ಈ ಲೆಕ್ಕ ಕೈಕೊಡುತ್ತದೆ. ಆದರೆ ಹಾವುಮೀನಿನ ಮೈ ತೆಳು. ಡಂಕ್ಲಿಯೋಸ್ಟಿಯಸ್ ವಿಷಯದಲ್ಲಿ ಎದೆಯ ಕವಚ ನಮ್ಮ ಕೈಯಲ್ಲೇ ಇದೆ. ಆ ಕವಚ ಮೈಯನ್ನು ಸುತ್ತುವರಿದಿತ್ತು. ಅಂದರೆ ಮೈಯ ದಪ್ಪ ಎಷ್ಟಿತ್ತು ಅನ್ನುವುದು ಊಹೆ ಅಲ್ಲ, ಅಳತೆ. ಅಷ್ಟು ದಪ್ಪನೆಯ, ಎತ್ತರದ ಎದೆ ಇರುವ ಮೀನು ಹಾವಿನಂತೆ ಇರಲಾರದು.

ಇನ್ನೊಂದು ಆಧಾರ ಇದರ ನೆಂಟರು. ಡಂಕ್ಲಿಯೋಸ್ಟಿಯಸ್ ಸೇರುವ ಗುಂಪಿಗೆ ಆರ್ಥ್ರೋಡೈರ್ ಅಂತ ಹೆಸರು. ಕೀಲಿರುವ ಕತ್ತು ಅಂತ ಅರ್ಥ. ಆ ಗುಂಪಿನ ಕೊಕೊಸ್ಟಿಯಸ್ ಅನ್ನುವ ಸಣ್ಣ ಮೀನು ಸ್ಕಾಟ್ಲೆಂಡಿನ ಕಲ್ಲುಗಳಲ್ಲಿ ಬಾಲದ ಸಮೇತ ಸಿಕ್ಕಿದೆ. ಮೊರಾಕ್ಕೋದಲ್ಲಿ ಸಿಕ್ಕ ಅಮಾಜಿಕ್ತಿಸ್‌ನಲ್ಲಿ ಮೈಯ ಅಂಚಿನ ಗುರುತು ಕೂಡ ಉಳಿದಿದೆ. ಅದನ್ನು ವಿವರಿಸಿದ್ದು 2022ರಲ್ಲಿ. ಪೂರ್ತಿ ಮೈ ಗೊತ್ತಿರುವ ನೆಂಟರ ಮೇಲೆ ಹೊಸ ಲೆಕ್ಕ ಹಾಕಿ ನೋಡಬಹುದು, ಸರಿಹೊಂದುತ್ತದಾ ಅಂತ. ಹೊಂದುತ್ತದೆ. ಹಳೆಯ ಬಾಯಿ ಲೆಕ್ಕವನ್ನು ಅದೇ ನೆಂಟರ ಮೇಲೆ ಹಾಕಿದರೆ ಮೈ ಇರುವುದಕ್ಕಿಂತ ತುಂಬಾ ಉದ್ದ ಬರುತ್ತದೆ. ಎರಡೂ ಊಹೆಯೇ ಇರಬಹುದು ಸರ್. ಆದರೆ ಒಂದನ್ನು ಒರೆಗೆ ಹಚ್ಚಿ ನೋಡಿದ್ದಾರೆ, ಇನ್ನೊಂದು ಒರೆಗಲ್ಲಿನ ಮೇಲೆ ನಿಲ್ಲಲಿಲ್ಲ.

ಪ್ರಶ್ನೆಮೂಟೆ:
ಎದೆಯ ಕವಚದ ಮಾತು ನನಗೆ ಹೊಳೆದಿರಲಿಲ್ಲ. ಹಾವುಮೀನಿನ ಉದಾಹರಣೆ ವಾಪಸ್ ತಗೊಳ್ತೇನೆ. ಆದರೂ ಬಾಲದ ಆಕಾರದ ಬಗ್ಗೆ ನನ್ನ ಅನುಮಾನ ಹಾಗೇ ಇದೆ. ಅದನ್ನು ಯಾವ ಆಧಾರದ ಮೇಲೆ ಬರೆಯುತ್ತೀರಿ ಕುಂಚ ಅವರೇ?

ಕುಂಚ:
ಬಾಲವನ್ನು ನೆಂಟರಿಂದ ಮತ್ತು ಜೀವನಕ್ರಮದಿಂದ ಊಹಿಸುತ್ತೇವೆ. ತೆರೆದ ನೀರಿನಲ್ಲಿ ಈಜುತ್ತಾ ಬೇಟೆಯಾಡುವ ದೊಡ್ಡ ಮೀನಿಗೆ ಬಲವಾದ ಬಾಲ ಬೇಕು. 2017ರ ಅದೇ ಅಧ್ಯಯನ ಈ ಮಾತನ್ನು ಚೆನ್ನಾಗಿ ಬಿಡಿಸಿತ್ತು. ಅವರ ಉದ್ದದ ಲೆಕ್ಕ ಬಿದ್ದರೂ ಬಾಲದ ವಾದ ಉಳಿದಿದೆ. ಕೊಕೊಸ್ಟಿಯಸ್‌ಗೆ ಬರೆಯುತ್ತಿದ್ದ ಹಾವುಮೀನಿನಂಥ ಬಾಲವನ್ನೇ ದೊಡ್ಡದು ಮಾಡಿ ಇದಕ್ಕೂ ಅಂಟಿಸುವ ಹಳೆಯ ಅಭ್ಯಾಸ ಈಗ ಕಡಿಮೆಯಾಗಿದೆ.

ಎದೆಯ ಪಕ್ಕದ ಈಜುರೆಕ್ಕೆ ಮಾತ್ರ ಊಹೆ ಅಲ್ಲ. ಒಂದು ಮಾದರಿಯಲ್ಲಿ ಅದರ ಗುರುತು ಉಳಿದಿದೆ. ಕ್ಲೀವ್‌ಲ್ಯಾಂಡಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಟೀಚರಮ್ಮ:
ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಮಕ್ಕಳಿಗೆ ಪಾಠ ಮಾಡುವವಳು ನಾನು. ಉದ್ದದ ಬಗ್ಗೆ ಸಾಕಷ್ಟು ಬಂತು. ಮಗುವಿಗೆ ಬಾಯಿಯ ಬಗ್ಗೆ ಹೇಳಿ ಮೇಡಂ. ಈ ಮೀನಿನ ನಿಜವಾದ ಬೆರಗು ಅಲ್ಲಿದೆ.

ಅದರ ಬಾಯಲ್ಲಿ ನಮ್ಮಂಥ ಹಲ್ಲುಗಳಿರಲಿಲ್ಲ. ದವಡೆಯ ಮೂಳೆಯೇ ಅಲಗಾಗಿ ಬೆಳೆದಿತ್ತು. ಮುಂದೆ ಕೋರೆಯಂಥ ಚೂಪು, ಹಿಂದೆ ಕತ್ತರಿಸುವ ಅಂಚು. ಬಾಯಿ ಮುಚ್ಚಿದಾಗ ಮೇಲಿನ ಅಲಗು ಕೆಳಗಿನ ಅಲಗಿಗೆ ಉಜ್ಜುತ್ತದೆ. ಉಜ್ಜಿದಷ್ಟೂ ಹರಿತ. ಪ್ರತಿ ಸಲ ಬಾಯಿ ಮುಚ್ಚುವಾಗ ತಾನೇ ಸಾಣೆ ಹಿಡಿದುಕೊಂಡ ಹಾಗೆ. ಶಾರ್ಕ್ ಹಲ್ಲು ಉದುರಿಸಿ ಹೊಸ ಹಲ್ಲು ಬೆಳೆಸುತ್ತದೆ. ಇದು ಒಂದೇ ಅಲಗನ್ನು ಜೀವನಪೂರ್ತಿ ಬೆಳೆಸುತ್ತಾ, ಸವೆಸುತ್ತಾ, ಹರಿತ ಮಾಡಿಕೊಳ್ಳುತ್ತಾ ಹೋಗುತ್ತಿತ್ತು.

ಇನ್ನು ವೇಗ. ಫಿಲಿಪ್ ಆಂಡರ್ಸನ್ ಮತ್ತು ಮಾರ್ಕ್ ವೆಸ್ಟ್‌ನೀಟ್ ಇದರ ದವಡೆಯ ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದರು. ಬಾಯಿ ತೆರೆಯಲು ಒಂದು ಸೆಕೆಂಡಿನ 50ನೇ ಒಂದು ಭಾಗ ಸಾಕಾಗುತ್ತಿತ್ತು. ನಾವು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಕೆಳದವಡೆ ಕೆಳಗೆ ಇಳಿಯುತ್ತಿದ್ದ ಹಾಗೇ ತಲೆಯೂ ಹಿಂದಕ್ಕೆ ವಾಲಿ ಮೇಲೇಳುತ್ತಿತ್ತು. ಪದರಗಲ್ಲು ಅವರು ಹೇಳಿದ ಆ ಕತ್ತಿನ ಕೀಲು ಇರುವುದೇ ಇದಕ್ಕೆ. ಅಷ್ಟು ದೊಡ್ಡ ಬಾಯಿ ಅಷ್ಟು ಬೇಗ ತೆರೆದರೆ ನೀರು ಒಳಕ್ಕೆ ನುಗ್ಗುತ್ತದೆ, ನೀರಿನ ಜೊತೆ ಬೇಟೆಯೂ ಬರುತ್ತದೆ. ಆಮೇಲೆ ಕಚ್ಚು. ಮುಂದಿನ ಚೂಪಿನಲ್ಲಿ ಸುಮಾರು 4400 ನ್ಯೂಟನ್, ಹಿಂದಿನ ಅಲಗಿನಲ್ಲಿ 5300 ನ್ಯೂಟನ್. ಮಗುವಿಗೆ ನ್ಯೂಟನ್ ಅರ್ಥವಾಗದು. ಐನೂರು ಕಿಲೋ ತೂಕವನ್ನು ಒಂದು ಕತ್ತಿಯ ಅಂಚಿನ ಮೇಲೆ ಇಟ್ಟ ಹಾಗೆ ಅಂತ ಹೇಳಿ.

ಮುಖ್ಯ ಮಾತು ಇದು. ಈ ಲೆಕ್ಕವೆಲ್ಲ ತಲೆಬುರುಡೆಯಿಂದ ಬಂದಿದ್ದು. ಮೈ ಎಂಟು ಮೀಟರ್ ಇರಲಿ, ಮೂರೂವರೆ ಇರಲಿ, ತಲೆಬುರುಡೆ ಅದೇ. ಅಷ್ಟೇ ದೊಡ್ಡ ಬಾಯಿ, ಚಿಕ್ಕ ಮೈ. ಅಂದರೆ ಮೈಗೆ ಹೋಲಿಸಿದರೆ ಬಾಯಿ ಮೊದಲಿಗಿಂತ ದೊಡ್ಡದಾಯಿತು ಅಲ್ವಾ?

ಪುಟಾಣಿಯ ಅಮ್ಮ:
ಟೀಚರ್, ಈ ಕೊನೆಯ ಸಾಲನ್ನು ಅವಳಿಗೆ ಹಾಗೇ ಓದಿ ಹೇಳಿದೆ. ಎರಡು ನಿಮಿಷ ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಅದು ಮೆಗಲೊಡಾನ್ ಅನ್ನು ಕಚ್ಚುತ್ತಿತ್ತಾ?" ಅಂದಳು.

ಟೀಚರಮ್ಮ:
ಅವೆರಡೂ ಭೇಟಿಯಾಗಿಯೇ ಇಲ್ಲ ಮೇಡಂ! ಡಂಕ್ಲಿಯೋಸ್ಟಿಯಸ್ ಹೋಗಿ 35 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಮೆಗಲೊಡಾನ್ ಅನ್ನುವ ದೈತ್ಯ ಶಾರ್ಕ್ ಇದ್ದಿದ್ದು ಸುಮಾರು 2 ಕೋಟಿ ವರ್ಷಗಳ ಹಿಂದಿನಿಂದ 36 ಲಕ್ಷ ವರ್ಷಗಳ ಹಿಂದಿನವರೆಗೆ. ಮೊದಲ ಡೈನೋಸಾರ್ ಹುಟ್ಟುವ ಹೊತ್ತಿಗೇ ಡಂಕ್ಲಿಯೋಸ್ಟಿಯಸ್ ಕಲ್ಲಾಗಿ ಹತ್ತು ಕೋಟಿ ವರ್ಷ ದಾಟಿತ್ತು. ಮಕ್ಕಳ ಪುಸ್ತಕಗಳು ಇವನ್ನೆಲ್ಲ ಒಂದೇ ಪುಟದಲ್ಲಿ ಈಜಿಸುತ್ತವೆ. ನನಗೆ ಅದು ಬಹಳ ಬೇಸರದ ವಿಷಯ.

ಆಗ ಇದರ ಜೊತೆ ಇದ್ದ ಶಾರ್ಕ್ ನೆಂಟ ಕ್ಲಾಡೊಸೆಲಾಕಿ. ಹೆಚ್ಚೆಂದರೆ ಎರಡು ಮೀಟರ್. ಆ ಸಮುದ್ರದಲ್ಲಿ 3.4 ಮೀಟರ್ ಅಂದರೆ ರಾಜ.

ಅಲೆಗಳಾಚೆ:
ಎಲ್ಲ ಓದಿದೆ, ಖುಷಿಯಾಯಿತು. ಒಂದು ಆಸೆಯ ಪ್ರಶ್ನೆ. ಸೀಲಕಾಂತ್ ಮೀನು ಡೈನೋಸಾರ್‌ಗಳ ಜೊತೆಗೇ ಹೋಯಿತು ಅಂದುಕೊಂಡಿದ್ದರು. 1938ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜೀವಂತವಾಗಿ ಬಲೆಗೆ ಬಿತ್ತು. ಡಂಕ್ಲಿಯೋಸ್ಟಿಯಸ್ ಕೂಡ ಯಾವುದೋ ಆಳದಲ್ಲಿ ಇರಬಹುದಲ್ಲ?

ಪದರಗಲ್ಲು:
ನಿಮ್ಮ ಆಸೆ ನನ್ನದೂ ಆಗಿತ್ತು ಒಂದು ಕಾಲದಲ್ಲಿ. ಆದರೆ ಇಲ್ಲ. ಸೀಲಕಾಂತ್ ಕಣ್ಮರೆಯಾಗಿದ್ದು ಸುಮಾರು 6.6 ಕೋಟಿ ವರ್ಷ. ಇದು 36 ಕೋಟಿ ವರ್ಷದ ಮಾತು. ಮತ್ತೆ ಇದರ ಕವಚ ಎಷ್ಟು ಗಟ್ಟಿ ಅಂದರೆ, ಬದುಕಿದ್ದಿದ್ದರೆ ಆಮೇಲಿನ ಯಾವುದಾದರೂ ಪದರದಲ್ಲಿ ಒಂದು ಚೂರಾದರೂ ಸಿಗಲೇಬೇಕಿತ್ತು. ಡಂಕ್ಲಿಯೋಸ್ಟಿಯಸ್ ಮತ್ತು ಅದರ ಆರ್ಥ್ರೋಡೈರ್ ನೆಂಟರೆಲ್ಲ ಪ್ಲಾಕೊಡರ್ಮ್‌ಗಳು, ಅಂದರೆ ಫಲಕ ಹೊದ್ದ ಚರ್ಮದ ಮೀನುಗಳು. ಆ ಇಡೀ ದೊಡ್ಡ ಗುಂಪೇ ಡೆವೋನಿಯನ್ ಕಾಲದ ಕೊನೆಗೆ ನಿಂತುಹೋಗುತ್ತದೆ. ಒಂದು ಜಾತಿ ಅಲ್ಲ, ಪೂರ್ತಿ ಗುಂಪು.

ಯಾಕೆ ಹೋದವು? ಆಗ ಎರಡು ದೊಡ್ಡ ಏಟು ಬಿದ್ದವು. ಒಂದು ಸುಮಾರು 37.2 ಕೋಟಿ ವರ್ಷಗಳ ಹಿಂದೆ, ಇನ್ನೊಂದು ಸುಮಾರು 35.9 ಕೋಟಿ ವರ್ಷಗಳ ಹಿಂದೆ. ಎರಡನೆಯದಕ್ಕೆ ಹಾಂಗನ್‌ಬರ್ಗ್ ಘಟನೆ ಅಂತ ಹೆಸರು. ಸಮುದ್ರದ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಅದಕ್ಕೆ ಕಾರಣ ಏನು ಅನ್ನುವುದಕ್ಕೆ ಹಲವು ವಿವರಣೆಗಳಿವೆ. ನನ್ನನ್ನು ಜಾಸ್ತಿ ಕಾಡುವುದು ಮರಗಳ ವಿವರಣೆ. ಆಗಷ್ಟೇ ನೆಲದ ಮೇಲೆ ಮೊದಲ ಕಾಡುಗಳು ಎದ್ದಿದ್ದವು. ಅವುಗಳ ಬೇರು ಬಂಡೆಯನ್ನು ಒಡೆದು ಪುಡಿ ಮಾಡಿತು. ಆ ಸತ್ವವೆಲ್ಲ ಹೊಳೆಗಳಲ್ಲಿ ಕೊಚ್ಚಿ ಸಮುದ್ರ ಸೇರಿತು. ಪಾಚಿ ವಿಪರೀತ ಬೆಳೆಯಿತು, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಹೀರಿತು. ನೆಲದ ಮೇಲಿನ ಹಸಿರು ಸಮುದ್ರದ ಉಸಿರು ಕಟ್ಟಿಸಿತು ಅಂತ ನೆನೆದರೆ ಎದೆ ಭಾರವಾಗುತ್ತದೆ.

ಇದರ ಗುರುತು ಕಲ್ಲಿನಲ್ಲೇ ಇದೆ. ಡಂಕ್ಲಿಯೋಸ್ಟಿಯಸ್ ಜಾಸ್ತಿ ಸಿಕ್ಕಿರುವುದು ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಶೇಲ್‌ನಲ್ಲಿ. ಅದು ಕಪ್ಪು ಕಲ್ಲು, ಹಾಳೆ ಹಾಳೆಯಾಗಿ ಬಿಡುತ್ತದೆ. ಆಮ್ಲಜನಕ ಇಲ್ಲದ ತಳದಲ್ಲಿ ಕೊಳೆಯದೆ ಉಳಿದ ಕೆಸರು ಗಟ್ಟಿಯಾಗಿ ಆ ಬಣ್ಣ ಬಂದಿದೆ. ಮೀನು ಮೇಲಿನ ನೀರಿನಲ್ಲಿ ಬದುಕಿತ್ತು, ಸತ್ತ ಮೇಲೆ ಆ ಉಸಿರಿಲ್ಲದ ತಳಕ್ಕೆ ಇಳಿಯಿತು. ಕೆದಕಿ ತಿನ್ನುವ ಜೀವಿಗಳು ಅಲ್ಲಿ ಇರಲಿಲ್ಲ. ಹಾಗಾಗಿ ಕವಚ ನಮಗೆ ಉಳಿಯಿತು.

ಪ್ರಶ್ನೆಮೂಟೆ:
ಅದನ್ನು ಮೊದಲು ಕಂಡವರು ಯಾರು? ಹೆಸರು ಯಾಕೆ ಡಂಕ್ಲಿಯೋಸ್ಟಿಯಸ್?

ಪದರಗಲ್ಲು:
1867ರಲ್ಲಿ ಜೇ ಟೆರೆಲ್ ಅನ್ನುವವರು ಎರೀ ಸರೋವರದ ದಡದ ಬಂಡೆಯಲ್ಲಿ ಕಂಡರು. ಜಾನ್ ನ್ಯೂಬೆರಿ 1873ರಲ್ಲಿ ಅದನ್ನು ಡೈನಿಕ್ತಿಸ್ ಅನ್ನುವ ಕುಲಕ್ಕೆ ಸೇರಿಸಿ, ಟೆರೆಲ್ ನೆನಪಿಗೆ ಟೆರೆಲ್ಲಿ ಅಂತ ಹೆಸರಿಟ್ಟರು. ಡೈನಿಕ್ತಿಸ್ ಅಂದರೆ ಭಯಂಕರ ಮೀನು. ಆಮೇಲೆ 1956ರಲ್ಲಿ ಫ್ರಾನ್ಸಿನ ಜಾನ್ ಪಿಯರ್ ಲೆಮಾನ್ ಇದನ್ನು ಬೇರೆ ಕುಲ ಮಾಡಿದರು. ಕ್ಲೀವ್‌ಲ್ಯಾಂಡ್ ಮ್ಯೂಸಿಯಂನ ಡೇವಿಡ್ ಡಂಕಲ್ ಗೌರವಕ್ಕೆ ಡಂಕ್ಲಿಯೋಸ್ಟಿಯಸ್ ಅಂತ ಕರೆದರು. ಡಂಕಲ್ ಅವರ ಮೂಳೆ ಅಂತ ಅರ್ಥ. ಟೆರೆಲ್ ಹೆಸರು ಈಗಲೂ ಹಿಂದೆ ಇದೆ, ಡಂಕ್ಲಿಯೋಸ್ಟಿಯಸ್ ಟೆರೆಲ್ಲಿ. ಹುಡುಕಿದವರು ಮತ್ತು ಕಾಪಾಡಿದವರು ಇಬ್ಬರೂ ಒಂದೇ ಹೆಸರಿನಲ್ಲಿ ಸೇರಿದ್ದಾರೆ. ನನಗೆ ಅದು ತುಂಬಾ ಇಷ್ಟ.

1960ರ ದಶಕದಲ್ಲಿ ಕ್ಲೀವ್‌ಲ್ಯಾಂಡ್ ಹತ್ತಿರ ಹೆದ್ದಾರಿ ಕೆಲಸಕ್ಕೆ ಗುಡ್ಡ ಕಡಿದಾಗ ಈ ಕಲ್ಲು ಹೊರಬಿತ್ತು. ಮ್ಯೂಸಿಯಂನವರು ಯಂತ್ರಗಳ ಪಕ್ಕದಲ್ಲೇ ನಿಂತು ಪಳೆಯುಳಿಕೆ ಆರಿಸಿಕೊಂಡರು. ಇವತ್ತಿನ ಎಷ್ಟೋ ಅಧ್ಯಯನಗಳು ಆ ರಾಶಿಯ ಮೇಲೆ ನಿಂತಿವೆ. 2020ರಲ್ಲಿ ಒಹಾಯೋ ಇದನ್ನು ತನ್ನ ರಾಜ್ಯದ ಪಳೆಯುಳಿಕೆ ಮೀನು ಅಂತ ಘೋಷಿಸಿತು.

ಅಲೆಗಳಾಚೆ:
ಇಲ್ಲ ಅನ್ನುವ ಉತ್ತರ ಕೇಳಿ ಬೇಸರವಾಯಿತು, ಆದರೆ ಕಾರಣ ತಿಳಿದು ಒಪ್ಪಿದೆ. ಹಾಗಾದರೆ ಅವುಗಳದ್ದು ಏನೂ ಉಳಿದಿಲ್ಲವಾ?

ಟೀಚರಮ್ಮ:
ಉಳಿದಿದೆ. ನಿಮ್ಮ ದವಡೆ ಮುಟ್ಟಿ ನೋಡಿಕೊಳ್ಳಿ.

ದವಡೆ ಇರುವ ಮೀನುಗಳಲ್ಲಿ ನಮಗೆ ಗೊತ್ತಿರುವ ಅತಿ ಹಳೆಯವುಗಳಲ್ಲಿ ಪ್ಲಾಕೊಡರ್ಮ್‌ಗಳೂ ಸೇರಿವೆ. ಚೀನಾದ ಯುನ್ನಾನ್‌ನಲ್ಲಿ ಸಿಕ್ಕ ಎಂಟೆಲೊಗ್ನಾತಸ್ ಅನ್ನುವ ಪುಟ್ಟ ಮೀನನ್ನು 2013ರಲ್ಲಿ ವಿವರಿಸಿದರು. ಸುಮಾರು 41.9 ಕೋಟಿ ವರ್ಷ ಹಳೆಯದು. ಮೈ ಪ್ಲಾಕೊಡರ್ಮ್‌ನದು. ದವಡೆಯ ಅಂಚಿನ ಮೂಳೆಗಳು ಮಾತ್ರ ನಮ್ಮ ಮುಖದಲ್ಲಿರುವ ಮೂಳೆಗಳ ಜೋಡಣೆಯವು. ಡಂಕ್ಲಿಯೋಸ್ಟಿಯಸ್ ನಮ್ಮ ನೇರ ಅಜ್ಜ ಅಲ್ಲ, ಅದು ಪಕ್ಕದ ಕವಲು. ಆದರೆ ಆ ದೊಡ್ಡ ಮನೆತನದ ಒಳಗಿಂದಲೇ ನಮ್ಮ ಮುಖ ಬಂದಿದೆ.

ಇನ್ನೊಂದು ಹೇಳದೆ ಇರಲಾರೆ. ಪಶ್ಚಿಮ ಆಸ್ಟ್ರೇಲಿಯಾದ ಗೋಗೋದಲ್ಲಿ ಮೆಟರ್‌ಪಿಸಿಸ್ ಅನ್ನುವ ಪ್ಲಾಕೊಡರ್ಮ್ ಸಿಕ್ಕಿತು, 38 ಕೋಟಿ ವರ್ಷ ಹಳೆಯದು. 2008ರಲ್ಲಿ ಜಾನ್ ಲಾಂಗ್ ಮತ್ತು ಸಂಗಡಿಗರು ಅದನ್ನು ವಿವರಿಸಿದರು. ತಾಯಿಯ ಹೊಟ್ಟೆಯಲ್ಲಿ ಮರಿ ಇತ್ತು, ಹೊಕ್ಕುಳಬಳ್ಳಿಯ ಸಮೇತ. ಮರಿ ಹಾಕುವ ತಾಯಿ! ಅಷ್ಟು ಹಳೆಯ ಕಾಲದಲ್ಲಿ. ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿ ಸಲವೂ ನನ್ನ ದನಿ ಸ್ವಲ್ಪ ನಡುಗುತ್ತದೆ.

ಕುಂಚ:
ಟೀಚರ್ ಹೇಳಿದ ಮೇಲೆ ನನ್ನ ಮುಂದಿನ ಚಿತ್ರ ನಿಶ್ಚಯವಾಯಿತು. ಪುಟಾಣಿಗೆ ಹೊಸ ಅಳತೆಯ ಡಂಕ್ಲಿಯೋಸ್ಟಿಯಸ್ ಬರೆದು ಇಲ್ಲೇ ಹಾಕುತ್ತೇನೆ. ಎದೆಯ ಕವಚದ ಮೇಲೆ ಒಂದು ಹಳೆಯ ಗಾಯದ ಗುರುತು ಇಡುತ್ತೇನೆ. ಕೆಲವು ಡಂಕ್ಲಿಯೋಸ್ಟಿಯಸ್ ಫಲಕಗಳ ಮೇಲೆ ಇನ್ನೊಂದು ಡಂಕ್ಲಿಯೋಸ್ಟಿಯಸ್ ಕಚ್ಚಿದ ಗುರುತೇ ಇದೆ. ಬಣ್ಣ ಯಾವುದು ಬೇಕು ಅಂತ ಅವಳನ್ನೇ ಕೇಳಿ. ಬಣ್ಣ ಮಾತ್ರ ಕಲ್ಲಿನಲ್ಲಿ ಉಳಿದಿಲ್ಲ, ಅವಳು ಹೇಳಿದ್ದೇ ಸರಿ.

ಪುಟಾಣಿಯ ಅಮ್ಮ:
ಬೆನ್ನು ಕಡು ನೀಲಿ, ಹೊಟ್ಟೆ ಬಿಳಿ ಬೇಕಂತೆ. ಮೇಲಿನಿಂದ ನೋಡಿದರೂ ಕೆಳಗಿನಿಂದ ನೋಡಿದರೂ ಬೇಟೆಗೆ ಕಾಣಬಾರದಂತೆ. ಯಾರೂ ಹೇಳಿಕೊಟ್ಟಿದ್ದಲ್ಲ, ಅವಳೇ ಯೋಚನೆ ಮಾಡಿದ್ದು.

ಇವತ್ತು ಸಂಜೆ ಇಬ್ಬರೂ ಸೇರಿ ನೆಲದ ಮೇಲೆ ಸೀಮೆಸುಣ್ಣದಿಂದ 3.4 ಮೀಟರ್ ಗೆರೆ ಎಳೆದೆವು. ಒಂದು ತುದಿಯಲ್ಲಿ ತಲೆ ಬರೆದಳು, ಕಣ್ಣು ಬರೆದಳು. ಆಮೇಲೆ ಗೆರೆಯ ಪಕ್ಕ ಮಲಗಿ, ಪಾದದ ಹತ್ತಿರ ಗುರುತು ಹಾಕಿಸಿಕೊಂಡು, ಮತ್ತೆ ಅಲ್ಲಿಂದ ಮಲಗಿದಳು. ಮೂರು ಸಲ ಮಲಗಿದ ಮೇಲೆ ಬಾಲ ಸಿಕ್ಕಿತು. ಎದ್ದು ನಿಂತು ತಲೆಯ ಕಡೆ ನೋಡಿದಳು. "ಅಮ್ಮಾ, ಇದು ದೊಡ್ಡದೇ ಇದೆ" ಅಂದಳು. ಗೆರೆ ಅಳಿಸಲು ಬಿಡುತ್ತಿಲ್ಲ. ನಾವು ಸುತ್ತಿಕೊಂಡು ಓಡಾಡುತ್ತಿದ್ದೇವೆ.